ಗುದ್ದಿದವರು ಯಾರೋ, ಸಹಿ ಹಾಕಬೇಕಾದವರು ನಾವು

ಮೂರು ತಿಂಗಳ ಹಿಂದೆ ತುಮಕೂರು ರಸ್ತೆಯ ಟೋಲ್ ಸಾಲಿನಲ್ಲಿ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಲಾರಿಯೊಂದು ಗುದ್ದಿತು. ಕಾರು ಮುಂದಿದ್ದ ಬಸ್ಸಿಗೆ ಹೋಗಿ ಬಡಿಯಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮನ ಭುಜದ ಮೂಳೆ ಬಿರುಕು ಬಿಟ್ಟಿತು. ಲಾರಿ ಚಾಲಕ ಪೊಲೀಸರ ಮುಂದೆಯೇ ತಪ್ಪು ಒಪ್ಪಿಕೊಂಡ, ಎಫ್‌ಐಆರ್ ಆಯಿತು. ಲಾರಿಯ ವಿಮೆಯಿಂದಲೇ ಹಣ ಬರುತ್ತದೆ ಎಂದು ನಂಬಿದ್ದೆ.

ಬರಲಿಲ್ಲ. ಲಾರಿಯ ಥರ್ಡ್ ಪಾರ್ಟಿ ವಿಮೆಯಲ್ಲಿ ಇತರರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿಯವರೆಗೆ ಪರಿಹಾರವಿದೆ. ಆದರೆ ಅದನ್ನು ಪಡೆಯಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ವಕೀಲರನ್ನು ಹಿಡಿಯಬೇಕು, ಕಾಯಬೇಕು. ನಾಳೆ ಬೆಳಗ್ಗೆ ಕೆಲಸಕ್ಕೆ ಹೊರಡಬೇಕಾದವರು ತಮ್ಮದೇ ವಿಮೆಯಲ್ಲಿ ಕ್ಲೇಮ್ ಮಾಡುತ್ತಾರೆ. ನಾನೂ ಅದನ್ನೇ ಮಾಡಿದೆ. ನಾಲ್ಕು ವರ್ಷ ಒಂದೂ ಕ್ಲೇಮ್ ಮಾಡದೆ ಗಳಿಸಿದ್ದ ಶೇ. 45ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದೇ ಹೋಯಿತು. ತಪ್ಪು ಯಾರದೆಂದು ಆ ಲೆಕ್ಕ ಕೇಳುವುದೇ ಇಲ್ಲ. ನನಗೆ ಕೊಟ್ಟ ಹಣವನ್ನು ತಪ್ಪಿತಸ್ಥರಿಂದ ವಸೂಲು ಮಾಡುವ ಹಕ್ಕು ನನ್ನ ವಿಮಾ ಕಂಪನಿಗಿದೆ. ಆ ಹಕ್ಕು ಇರುವಾಗ ನನ್ನ ಬೋನಸ್‌ಗೆ ಕತ್ತರಿ ಹಾಕುವುದು ಯಾವ ನ್ಯಾಯ? ತಪ್ಪು ಸ್ಪಷ್ಟವಿರುವ ಪ್ರಕರಣಗಳಲ್ಲಿ ಎರಡು ಕಂಪನಿಗಳು ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳಲಿ, ಬೋನಸ್ ಉಳಿಯಲಿ ಎಂಬುದು ನನ್ನ ಬೇಡಿಕೆ.

ಪಾಲಿಸಿಯಲ್ಲಿ ಕಾರಿಗೆ ನಮೂದಿಸಿದ್ದ ಮೌಲ್ಯ, ಅಂದರೆ ಐಡಿವಿ, 4,60,000 ರೂಪಾಯಿ. ಗ್ಯಾರೇಜಿನ ಅಂದಾಜು 3,90,000. ದುರಸ್ತಿ ವೆಚ್ಚ ಐಡಿವಿಯ ಶೇ. 75 ದಾಟಿದರೆ ವಾಹನವನ್ನು ‘ಟೋಟಲ್ ಲಾಸ್’, ಅಂದರೆ ಪೂರ್ಣ ನಷ್ಟ ಎಂದೇ ಪರಿಗಣಿಸುತ್ತಾರೆ. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರು ಬಂದದ್ದು ಮೊತ್ತದಲ್ಲಿ. ವಿಮಾ ಕಚೇರಿಯಿಂದ ಫೋನ್ ಬಂತು: “ಸರ್, ಮಾರುಕಟ್ಟೆಯಲ್ಲಿ ನಿಮ್ಮ ಕಾರಿಗೆ ಈಗ ಅಷ್ಟು ಬೆಲೆ ಇಲ್ಲ. 3,95,000ಕ್ಕೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರೆ ಈ ವಾರವೇ ಹಣ ಹಾಕುತ್ತೇವೆ.”

ಅಮ್ಮನ ಆಸ್ಪತ್ರೆಯ ಬಿಲ್ಲು ಮೇಜಿನ ಮೇಲಿತ್ತು. ಸಹಿ ಹಾಕಿಬಿಡುತ್ತಿದ್ದೆ. “ಇವತ್ತು ಬೇಡ ಅಣ್ಣ, ಮೊದಲು ಪಾಲಿಸಿ ಓದೋಣ” ಎಂದು ತಡೆದವಳು ತಂಗಿ. ಇಬ್ಬರೂ ರಾತ್ರಿ ಸಣ್ಣ ಅಕ್ಷರಗಳ ಅಷ್ಟೂ ಪುಟ ಓದಿದೆವು. ಸಿಕ್ಕಿತು: ಟೋಟಲ್ ಲಾಸ್ ಕ್ಲೇಮಿಗೆ ಪಾಲಿಸಿಯ ಅವಧಿಯುದ್ದಕ್ಕೂ ಐಡಿವಿಯೇ ಮಾರುಕಟ್ಟೆ ಮೌಲ್ಯ, ಮತ್ತೆ ಸವಕಳಿ ಕಳೆಯುವಂತಿಲ್ಲ. ಆ ವಾಕ್ಯವನ್ನು ಹಾಗೆಯೇ ನಕಲಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳುಹಿಸಿದೆ. ಪರಿಹಾರ ಸಿಗದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಆಲಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗುವೆನೆಂದೂ ಬರೆದೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹದಿಮೂರನೆಯ ದಿನ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಕಡ್ಡಾಯ ಕಡಿತದ 1,000 ಬಿಟ್ಟು ಉಳಿದ 4,59,000 ರೂಪಾಯಿಗೆ ಒಪ್ಪಿಗೆ ಬಂತು. ಒಂದು ಸಹಿಯಲ್ಲಿ 64,000 ರೂಪಾಯಿ ಹೋಗುತ್ತಿತ್ತು.

ಎರಡನೆಯ ಸಹಿ ಇದಕ್ಕಿಂತ ಅಪಾಯದ್ದು. ನಜ್ಜುಗುಜ್ಜಾದ ಕಾರನ್ನು ಒಯ್ಯಲು ಬಂದ ಗುಜರಿಯವರು ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29 ಮತ್ತು 30ನ್ನು ಸಹಿಗೆ ಮುಂದಿಟ್ಟರು. ಎಲ್ಲರೂ ಹೀಗೇ ಕೊಡುತ್ತಾರಂತೆ. ದಯವಿಟ್ಟು ಕೊಡಬೇಡಿ. ಕಾರನ್ನು ಮಾರಿದರೂ ಆರ್‌ಸಿ (ನೋಂದಣಿ ಪತ್ರ) ನಮ್ಮ ಹೆಸರಿನಲ್ಲಿಯೇ ಇದ್ದರೆ ಅದರಿಂದಾಗುವ ಅಪಘಾತದ ಹೊಣೆ ನಮ್ಮದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಚಾಸಿ ಸಂಖ್ಯೆಯನ್ನು ಕದ್ದ ಕಾರಿಗೆ ಹಾಕಿದರೂ ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೆ. ಕೊಳ್ಳುವವರ ಹೆಸರು, ವಿಳಾಸ ತುಂಬಿಸಿ, ಗುರುತಿನ ಚೀಟಿಯ ಪ್ರತಿ ಪಡೆದೇ ಸಹಿ ಹಾಕಿದೆ. ವರ್ಗಾವಣೆಯಾಗುವವರೆಗೆ ಎರಡು ಸಲ ಆರ್‌ಟಿಒ ಕಚೇರಿಗೆ ಹೋಗಿಬಂದೆ. ವಾಹನ ಮತ್ತೆ ಓಡಿಸಲಾಗದಷ್ಟು ಹಾಳಾಗಿದ್ದರೆ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದುಪಡಿಸಬೇಕು.

ಅಮ್ಮನ ಭುಜದ ಪರಿಹಾರಕ್ಕೆ ನ್ಯಾಯಮಂಡಳಿಯಲ್ಲಿ ಬೇರೆ ಅರ್ಜಿ ಹಾಕಿದ್ದೇವೆ. ಮುಂದಿನ ತಿಂಗಳು ಮೊದಲ ವಿಚಾರಣೆ. ಬಲಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ, ವಕಾಲತ್ತಿಗೆ ಅವರು ಎಡಗೈಯಿಂದಲೇ ಸಹಿ ಹಾಕಿದರು.