ಒಂದ್ ಹನಿ ಸೋರಂಗಿಲ್ರಿ

ನಿನ್ನೆ ರಾತ್ರಿ ಎರಡು ಗಂಟೆಗೆ ನನ್ನ ಎಡಗಿವಿಯೊಳಗೆ ಒಂದು ಹನಿ ಬಿತ್ತು. ಮಂಚ ಎಳೆದೆ. ಹತ್ತು ನಿಮಿಷಕ್ಕೆ ಬಲಗಿವಿಗೂ ಬಿತ್ತು. ಮೂರನೇ ಸಲ ಎಳೆಯುವಾಗ ಕೆಳಗಿನಿಂದ ಹೆಂಡತಿ ಕೂಗಿದಳು, "ನಡುರಾತ್ರ್ಯಾಗ ಏನ್ ತೇರು ಎಳ್ಯಾಕತ್ತೀರಿ?" ಅವಳೇನು, ಬೀಗರ ಜೊತೆ ಸ್ಲ್ಯಾಬ್ ಕೆಳಗೆ ಬೆಚ್ಚಗೆ ಮಲಗಿದ್ದಳು.

ತಾರಸಿ ಮೇಲಿನ ಈ ತಗಡಿನ ಪತ್ರಾಸ್ ಖೋಲಿ ಏಪ್ರಿಲ್‌ನಲ್ಲಿ ಹಾಕಿಸಿದ್ದು. ಸ್ಲ್ಯಾಬ್ ಅಂದರೆ ಕಬ್ಬಿಣ, ಸೆಂಟ್ರಿಂಗ್, ಮೇಲೆ ವಾರಗಟ್ಟಲೆ ನೀರು ನಿಲ್ಲಿಸಬೇಕು. ಕಲಬುರಗಿಯ 43 ಡಿಗ್ರಿಯಲ್ಲಿ ನಮಗೇ ನೀರಿಲ್ಲ, ಸ್ಲ್ಯಾಬಿಗೆ ಎಲ್ಲಿಂದ ಕುಡಿಸೋದು?

ಮಿಸ್ತ್ರಿ ಬೆಳಿಗ್ಗೆ ಎಲ್ಲೋ ಕೆಲಸ ಮಾಡಿ ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಿದ್ದ. ಏನು ಕೇಳಿದರೂ ಒಂದೇ ಉತ್ತರ. ಶೀಟಿನ ಮೇಲೆ ಶೀಟು ಇಷ್ಟು ಕೂತರೆ ಸಾಕಾ? "ಬ್ರಹ್ಮಪುರದಾಗ ಒಬ್ರ ಸಾಹೇಬರ ಮನಿಗಿ ಇಷ್ಟೇ ಕೂಡ್ಸೀನ್ರಿ. ಒಂದ್ ಹನಿ ಸೋರಂಗಿಲ್ಲ." ಇಳಿಜಾರು ಕಡಿಮೆ ಆಯ್ತಲ್ವಾ? "ಸಾಹೇಬರದೂ ಇಷ್ಟೇ ಅದ್ರಿ." ಪತ್ರಾಸಿನ ತಗ್ಗಿನಲ್ಲಿ ನೀರು ಹರಿಯುತ್ತದೆ, ಅದಕ್ಕೇ ಬೋಲ್ಟಿನ ತೂತು ಉಬ್ಬಿನ ಮೇಲೆ ಹೊಡೀಬೇಕು. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ಉಬ್ಬಿನ ಮೇಲೆ ಡ್ರಿಲ್ ಜಾರುತ್ತದೆ ಅಂತ ಆತ ಹಾಯಾಗಿ ತಗ್ಗಿನಲ್ಲೇ ಹೊಡೆಯುತ್ತಿದ್ದ. ನಾನು ಕೆಮ್ಮಿದೆ. "ಬ್ರಹ್ಮಪುರದಾಗ..." ಅಂದ. ಸುಮ್ನಾದೆ. ಕೊನೆಕೊನೆಗೆ ಹೆಂಡತಿಯೇ ಕೇಳತೊಡಗಿದಳು, "ಇವತ್ತ ಪಲ್ಯ ಏನ್ ಮಾಡ್ಲಿ? ಸಾಹೇಬರ ಮನ್ಯಾಗ ಏನ್ ಮಾಡ್ಯಾರಂತ ಕೇಳ್ರಿ."

ಊರಲ್ಲಿ ಅಜ್ಜನದು ಮಾಳಿಗೆ ಮನೆ. ತೊಲೆ, ಜಂತಿ, ಮೇಲೆ ಗೇಣು ದಪ್ಪ ಮಣ್ಣು. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ಬಡಿಯುತ್ತಿದ್ದ. ಅದೂ ಸೋರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬೇಸಿಗೆಯಲ್ಲಿ ಒಳಗೆ ತಣ್ಣಗೆ. ರಾತ್ರಿ ಎಲ್ಲರೂ ಮಾಳಿಗೆ ಏರಿ ಸಾಲಾಗಿ ಮಲಗುತ್ತಿದ್ದೆವು. ತಲೆದಿಂಬಿನ ಪಕ್ಕ ಅಜ್ಜಿಯ ತಂಬಿಗೆ, ಮೇಲೆ ಆಕಾಶದ ತುಂಬ ಚಿಕ್ಕಿ. ಮೊನ್ನೆ ಮೊನ್ನೆವರೆಗೆ ಈ ತಾರಸಿಯಲ್ಲೂ ಹಾಗೇ ಮಲಗುತ್ತಿದ್ದೆ. ಈಗ ಚಿಕ್ಕಿ ಬದಲು ತೂತು ಎಣಿಸುತ್ತೇನೆ. ಹದಿನೇಳು.

ಬೆಳಿಗ್ಗೆ ಎದ್ದವನೇ ಬ್ರಹ್ಮಪುರಕ್ಕೆ ಹೊರಟೆ. ಕೋಟೆ ಮುಂದೆ ಹಾಯುವಾಗ ಹೊಟ್ಟೆ ಉರಿಯಿತು. ಒಳಗಿನ ಜಾಮಿಯಾ ಮಸೀದಿಯಲ್ಲಿ ಅಂಗಳವನ್ನೂ ಬಿಡದೆ ಗುಮ್ಮಟಗಳಿಂದ ಮುಚ್ಚಿದ್ದಾರೆ, ಅದೂ 1367ರಲ್ಲಿ. ಆಗಿನ ಮಿಸ್ತ್ರಿ ಯಾವ ಸಾಹೇಬರ ಮನೆ ತೋರಿಸಿದ್ದನೋ!

ಮನೆ ಹುಡುಕೋದು ಕಷ್ಟವಾಗಲಿಲ್ಲ. ಓಣಿಯಲ್ಲಿ ಪತ್ರಾಸಿನ ಮೇಲೆ ನೀಲಿ ತಾಡಪತ್ರಿ ಹೊದಿಸಿದ್ದು ಅದೊಂದೇ. ಸಾಹೇಬರು ಬಕೆಟ್ ಹಿಡಿದುಕೊಂಡೇ ಬಾಗಿಲು ತೆಗೆದರು. ಮಿಸ್ತ್ರಿ ಹೆಸರು ಎತ್ತಿದೆ. ಬಕೆಟ್ ಕೆಳಗಿಟ್ಟರು.

"ನಾ ಪೈಲೆನೇ ಹೇಳಿದ್ದೆರಿ, ತಗ್ಗಿನ್ಯಾಗ ತೂತ ಹೊಡಿಬ್ಯಾಡೋ ಅಂತ. ಮಧ್ಯಾಹ್ನ ಶಹಾಬಜಾರದಾಗ ಒಬ್ರ ಸರ್ ಮನಿಗಿ ಹಿಂಗೇ ಹಾಕ್ತೀನ್ರಿ, ಒಂದ್ ಹನಿ ಸೋರಂಗಿಲ್ಲ ಅಂದ. ಯಾರ್ ಅದಾರೋ ಆ ಪುಣ್ಯಾತ್ಮ, ಗೊತ್ತೇನ್ರಿ ನಿಮಗ?"

"ಗೊತ್ತದ್ರಿ," ಅಂದೆ. "ಮೊದ್ಲ ಒಂದ್ ಕಪ್ ಚಹಾ ಕೊಡ್ರಿ."