ಬಟನ್ ಇದೆ ಸರಿ, ಟೈರಿನ ವಯಸ್ಸೆಷ್ಟು?

ಊರಲ್ಲಿ ಟೈರ್ ಬದಲಿಸುವ ಮಾತು ಬಂದರೆ ಎಲ್ಲರೂ ನೋಡುವುದು ಬಟನ್, ಅಂದರೆ ನೆಲಕ್ಕೆ ತಾಗುವ ಮೈಮೇಲಿನ ಉಬ್ಬು ಅಚ್ಚು. ಬಟನ್ ಇದ್ದರೆ ಟೈರ್ ಇದೆ, ಬಟನ್ ಸವೆದರೆ ಟೈರ್ ಹೋಯಿತು, ಅಷ್ಟೇ ಲೆಕ್ಕ. ನಾನು ಉಡುಪಿ ಕಡೆಯವನು, ಹಲವು ವರ್ಷಗಳಿಂದ ಶಾರ್ಜಾದಲ್ಲಿದ್ದೇನೆ. ಇಲ್ಲಿ ಟೈರ್ ಅಂಗಡಿ ಮುಂದೆ ಕಾರು ನಿಲ್ಲಿಸಿದರೆ ಕೆಲಸದ ಹುಡುಗ ಮೊದಲು ಬಗ್ಗಿ ಹುಡುಕುವುದು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು. ಬಟನ್ ನೋಡುವುದು ಆಮೇಲೆ. ಈ ಒಂದು ಅಭ್ಯಾಸ ನಮ್ಮೂರಿಗೂ ಬರಲೇಬೇಕು ಅಂತ ನನಗೆ ಬಹಳ ಅನಿಸುತ್ತದೆ.

ಆ ನಾಲ್ಕು ಅಂಕಿ ಟೈರ್ ತಯಾರಾದ ವಾರ ಮತ್ತು ವರ್ಷ. 2319 ಅಂತಿದ್ದರೆ 2019ರ 23ನೇ ವಾರ, ಅಂದರೆ ಜೂನ್ ಸುಮಾರಿಗೆ ತಯಾರಾದದ್ದು. ಡಿಒಟಿ (DOT) ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ಇರುತ್ತದೆ. ಕೆಲವು ಟೈರ್‌ಗಳಲ್ಲಿ ಒಂದೇ ಬದಿಗೆ ಅಚ್ಚು ಹಾಕಿರುತ್ತಾರೆ, ಆ ಬದಿ ಕಾರಿನ ಒಳಮುಖಕ್ಕೆ ಬಂದಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಆಗ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದು ಮುಂದಿನ ಚಕ್ರದ ಹಿಂದುಗಡೆ ಬಗ್ಗಿ ನೋಡಬೇಕು.

ಯುಎಇಯಲ್ಲಿ ಇದು ಬರೀ ಸಲಹೆ ಅಲ್ಲ. ಟೈರ್ ತಯಾರಾಗಿ 5 ವರ್ಷ ದಾಟಿದ್ದರೆ ಕಾರು ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹೊಸ ಕಾರಿಗೆ ಮೊದಲ ಮೂರು ವರ್ಷ ವಿನಾಯಿತಿ, ಆಮೇಲೆ ಪ್ರತಿ ವರ್ಷ ನೋಂದಣಿ ನವೀಕರಿಸುವಾಗ ಕಾರನ್ನು ತಪಾಸಣೆಗೆ ಒಯ್ಯಲೇಬೇಕು. ಸವೆದ ಅಥವಾ ಅವಧಿ ಮೀರಿದ ಟೈರಿನಲ್ಲಿ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದರೆ 500 ದಿರ್ಹಮ್ ದಂಡ, ಲೈಸೆನ್ಸಿಗೆ 4 ಕಪ್ಪು ಅಂಕ, ಕಾರು ಒಂದು ವಾರ ಜಪ್ತಿ. ಜಪ್ತಿಗೆ ಹೆದರಿಯೇ ಬಹಳ ಜನ ಸರಿಯಾಗಿರುತ್ತಾರೆ. ಹೆದರಿಕೆಯಿಂದಾದರೂ ಸರಿಯಾಗಲಿ, ನನಗೆ ಅದರಲ್ಲಿ ತಕರಾರಿಲ್ಲ.

ಊರಲ್ಲಿ ಹೇಗೆ? ಸ್ವಂತ ಬಳಕೆಯ ಕಾರು ಒಮ್ಮೆ ನೋಂದಣಿಯಾದರೆ 15 ವರ್ಷ ಯಾರೂ ಅದನ್ನು ತಿರುಗಿ ನೋಡುವುದಿಲ್ಲ. ಹೊಗೆ ತಪಾಸಣೆ ಆಗುತ್ತದೆ, ವಿಮೆ ಕಟ್ಟುತ್ತೇವೆ. ಆದರೆ ಟೈರ್, ಬ್ರೇಕ್, ಸ್ಟೀರಿಂಗ್ ಇವನ್ನು ನೋಡಿ ಸರಿಯಿದೆ ಅಂತ ಹೇಳಲು ಯಾವ ಅಧಿಕಾರಿಯೂ ಇಲ್ಲ. ಕಾರಿನ ಟೈರಿಗೆ ಕನಿಷ್ಠ 1.6 ಮಿಲಿಮೀಟರ್ ಬಟನ್ ಇರಬೇಕು ಅಂತ ನಿಯಮ ಇದೆ. ರಸ್ತೆಯಲ್ಲಿ ಅದನ್ನು ಅಳೆದು ನೋಡಿದ ಪೊಲೀಸರನ್ನು ನಾನಂತೂ ಕಂಡಿಲ್ಲ. ಹೆಲ್ಮೆಟ್, ಸೀಟ್ ಬೆಲ್ಟ್, ಕಾಗದಪತ್ರ, ಅಲ್ಲಿಗೆ ತಪಾಸಣೆ ಮುಗಿಯಿತು.

ಇದರಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸುವುದು ದಿನಾ ಓಡುವ ಟ್ಯಾಕ್ಸಿಗಳಲ್ಲ. ಅವುಗಳ ಟೈರ್ ವಯಸ್ಸಾಗುವ ಮೊದಲೇ ಸವೆದು ಹೋಗುತ್ತದೆ, ಬದಲಿಸಲೇಬೇಕಾಗುತ್ತದೆ. ಭಯ ಇರುವುದು ಮನೆಯ ಪೋರ್ಟಿಕೋದಲ್ಲಿ ನಿಂತಿರುವ ಕಾರಿನ ಬಗ್ಗೆ. ಗಲ್ಫಿನಲ್ಲಿರುವ ನಮ್ಮವರ ಮನೆಗಳಲ್ಲಿ ಇಂಥ ಕಾರು ಮಾಮೂಲು. ಅಪ್ಪ ಅಮ್ಮನಿಗೆ ಆಸ್ಪತ್ರೆಗೆ, ಮದುವೆ ಮುಂಜಿಗೆ ಬೇಕಾಗುತ್ತದೆ ಅಂತ ತೆಗೆದುಕೊಟ್ಟದ್ದು. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿದರೆ ದೊಡ್ಡದು. ನಾವು ರಜೆಯಲ್ಲಿ ಬರುತ್ತೇವೆ, ಬ್ಯಾಟರಿ ಇಳಿದಿದ್ದರೆ ಚಾರ್ಜ್ ಮಾಡಿಸುತ್ತೇವೆ, ಕಾರು ತೊಳೆಯುತ್ತೇವೆ, ಗಾಳಿ ಹಾಕಿಸುತ್ತೇವೆ. ಮರುದಿನವೇ ಐದು ಜನ, ಡಿಕ್ಕಿ ತುಂಬ ಸಾಮಾನು, ಧರ್ಮಸ್ಥಳ, ಸುಬ್ರಹ್ಮಣ್ಯ, ಅಲ್ಲಿಂದ ಮೈಸೂರು. ವರ್ಷವಿಡೀ ನಿಂತಿದ್ದ ಟೈರ್ ಒಂದೇ ದಿನದಲ್ಲಿ ಶಿರಾಡಿ ಘಾಟಿ ಹತ್ತಿ, ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಹೋಗುತ್ತದೆ.

ಹೋದ ರಜೆಯಲ್ಲಿ ನಮ್ಮ ಭಾವನ ಕಾರಿನ ಟೈರ್ ನೋಡಿದೆ. ಬಟನ್ ನಿಜವಾಗಿಯೂ ಚೆನ್ನಾಗಿತ್ತು, ಅರ್ಧವೂ ಸವೆದಿರಲಿಲ್ಲ. ಅಂಕಿ 1416. ಪಕ್ಕದ ಗೋಡೆಯ ಮೇಲೆ, ರಿಮ್ಮಿನಿಂದ ಎರಡು ಬೆರಳು ಮೇಲಕ್ಕೆ, ಕೂದಲೆಳೆಯಂಥ ಗೀರುಗಳು ಸುತ್ತಲೂ ಹಬ್ಬಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಗೀರು ಬಾಯಿ ಬಿಡುತ್ತಿತ್ತು. ಬಟನ್ ನಡುವಿನ ಸಂದಿನ ತಳದಲ್ಲೂ ಅದೇ ಕಥೆ. "ಬಟನ್ ಹಾಗೇ ಉಂಟಲ್ಲ ಮಾರಾಯ, ಇದನ್ನು ಯಾಕೆ ಬದಲಿಸೋದು?" ಅಂತ ಭಾವ ಕೇಳಿದರು. ಅವರ ಮಾತಿನಲ್ಲಿ ತಪ್ಪು ಹುಡುಕುವ ಹಾಗಿಲ್ಲ, ಟೈರಿಗೂ ವಯಸ್ಸಾಗುತ್ತದೆ ಅಂತ ಅವರಿಗೆ ಯಾವ ಗ್ಯಾರೇಜಿನವರೂ ಹೇಳಿರಲಿಲ್ಲ. ಸರ್ವಿಸಿಗೆ ಬಿಟ್ಟಾಗಲೆಲ್ಲ ಟೈರಿನ ಎದುರು ಸರಿ ಅಂತ ಗುರುತು ಹಾಕಿ ಕೊಟ್ಟ ಕಾಗದ ಡ್ಯಾಶ್‌ಬೋರ್ಡಿನಲ್ಲಿ ಇತ್ತು. ನನಗೆ ಸಿಟ್ಟು ಬಂದದ್ದು ಆ ಕಾಗದದ ಮೇಲೆ.

ಓಡದ ಟೈರ್ ಯಾಕೆ ಹಾಳಾಗುತ್ತದೆ? ರಬ್ಬರಿಗೆ ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಮೂರೂ ಶತ್ರುಗಳೇ. ಮೇಜಿನ ಖಾನೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರಬ್ಬರ್ ಬ್ಯಾಂಡ್ ಎಳೆದ ಕೂಡಲೇ ತುಂಡಾಗುತ್ತದಲ್ಲ, ಹಾಗೆಯೇ ಇದು. ಇದನ್ನು ತಡೆಯಲು ಟೈರ್ ಕಂಪನಿಗಳು ರಬ್ಬರಿನೊಳಗೆ ಮೇಣದಂಥ ರಾಸಾಯನಿಕ ಬೆರೆಸಿರುತ್ತವೆ. ಟೈರ್ ಉರುಳುತ್ತಾ ಬಾಗಿ ಬಳುಕುವಾಗ ಅದು ಮೆಲ್ಲಗೆ ಮೇಲ್ಮೈಗೆ ಬರುತ್ತದೆ. ನಿಂತೇ ಇರುವ ಟೈರಿಗೆ ಆ ರಕ್ಷಣೆ ಸರಿಯಾಗಿ ಸಿಗುವುದಿಲ್ಲ. ಹೊರಗೆ ಕಾಣುವ ಗೀರಿಗಿಂತ ಒಳಗೆ ಉಕ್ಕಿನ ಪಟ್ಟಿಗೂ ರಬ್ಬರಿಗೂ ನಡುವಿನ ಹಿಡಿತ ಸಡಿಲವಾಗುವುದು ದೊಡ್ಡ ಅಪಾಯ. ಭಾರ, ವೇಗ, ಬಿಸಿ ಮೂರೂ ಸೇರಿದ ದಿನ ಮೇಲಿನ ಪದರ ಕಿತ್ತು ಬರುತ್ತದೆ. ಎಷ್ಟೋ ಸಲ ಟೈರ್ ಬರ್ಸ್ಟ್ ಅಂತ ನಾವು ಪೇಪರಿನಲ್ಲಿ ಓದುವುದರ ಹಿಂದೆ ಇಂಥದ್ದೇ ಏನೋ ಇರುತ್ತದೆ.

ಹಾಗಂತ ಗಲ್ಫಿನ ನಿಯಮವನ್ನು ಹಾಗೇ ಎತ್ತಿ ತಂದು ಊರಿಗೆ ಹಾಕಿ ಅಂತ ನಾನು ಹೇಳುವುದಿಲ್ಲ. ಇಲ್ಲಿ ಬೇಸಿಗೆಯಲ್ಲಿ ಗಾಳಿಯೇ 45 ಡಿಗ್ರಿ ದಾಟುತ್ತದೆ, ಡಾಂಬರು ಮಧ್ಯಾಹ್ನ 60 ಡಿಗ್ರಿಗೂ ಮೇಲೆ ಕಾದಿರುತ್ತದೆ, ಅದರ ಮೇಲೆ 120ರಲ್ಲಿ ಓಡಿಸುತ್ತೇವೆ. ಇಲ್ಲಿಗೆ 5 ವರ್ಷದ ಗಡಿ ಸರಿ. ತೀರ್ಥಹಳ್ಳಿಯ ನೆರಳಿನಲ್ಲಿ ನಿಲ್ಲುವ ಕಾರಿಗೂ ಕಲಬುರಗಿಯ ಬಿಸಿಲಲ್ಲಿ ನಿಲ್ಲುವ ಕಾರಿಗೂ ಒಂದೇ ಲೆಕ್ಕ ಹಾಕಲು ಬರುವುದಿಲ್ಲ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರ ಹತ್ತಿರ ಬಿಚ್ಚಿಸಿ ನೋಡಿಸಿ, ಹೇಗೇ ಇದ್ದರೂ ಹತ್ತು ವರ್ಷಕ್ಕೆ ತೆಗೆದು ಹಾಕಿ ಅಂತ ದೊಡ್ಡ ಟೈರ್ ಕಂಪನಿಗಳೇ ಹೇಳುತ್ತವೆ. ನಮ್ಮ ಬಿಸಿಲು ನೋಡಿದರೆ ಊರಿಗೆ ಏಳು ವರ್ಷ ಸಾಕು ಅಂತ ನನ್ನ ಅನಿಸಿಕೆ. ಇನ್ನೊಂದು ಮಾತು: ಇಲ್ಲಿನ ಕಾನೂನಿಂದ ಒಂದು ಕೆಟ್ಟ ಅಭ್ಯಾಸವೂ ಬೆಳೆದಿದೆ. ಪರೀಕ್ಷೆ ಪಾಸಾದರೆ ಸಾಕು ಅಂತ ಅತಿ ಅಗ್ಗದ, ಹೆಸರೇ ಕೇಳದ ಟೈರ್ ಹಾಕಿಸಿಕೊಳ್ಳುವವರು ಇದ್ದಾರೆ. ತಾರೀಖು ಹೊಸದು, ಆದರೆ ಮಳೆ ಬಿದ್ದ ದಿನ ಬ್ರೇಕ್ ಹಿಡಿಯುವುದಿಲ್ಲ.

ಊರಿನವರು ಇಲ್ಲಿಯವರಿಗಿಂತ ಚೆನ್ನಾಗಿ ಮಾಡುವುದೂ ಇದೆ. ನಮ್ಮ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯವರು, ಬಹುಪಾಲು ಮಲಯಾಳಿಗಳು, ಸವೆತ ನೋಡಿಯೇ ಕಾರಿನ ಜಾತಕ ಹೇಳುತ್ತಾರೆ. ಎರಡೂ ಅಂಚು ಸವೆದು ನಡುವೆ ಬಟನ್ ಉಳಿದಿದ್ದರೆ ಗಾಳಿ ಕಮ್ಮಿ ಇಟ್ಟು ಓಡಿಸಿದ್ದು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು, ಅದರಲ್ಲೂ ಒಳ ಅಂಚು ಹೋಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನ, ತಪ್ಪಿದೆ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸುಸ್ತಾಗಿದೆ, ಇಲ್ಲವೇ ಬಹಳ ದಿನದಿಂದ ಬ್ಯಾಲೆನ್ಸಿಂಗ್ ಇಲ್ಲದೆ, ಅಂದರೆ ಚಕ್ರದ ತೂಕ ಸುತ್ತಲೂ ಸಮವಿಲ್ಲದೆ, ಓಡಿದೆ. ಕಾರಣ ಸರಿಮಾಡದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ, ದುಡ್ಡು ದಂಡ.

ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಎರಡನ್ನೂ ಒಂದೇ ಅಂದುಕೊಂಡವರು ಬಹಳ. ಸ್ಟೀರಿಂಗ್ ಸಡಿಲ ಬಿಟ್ಟರೆ ಕಾರು ಒಂದು ಕಡೆ ಎಳೆಯುತ್ತದಾ? ಟೈರುಗಳಲ್ಲಿ ಗಾಳಿ ಸಮ ಇದ್ದರೆ ಮೊದಲು ಅಲೈನ್‌ಮೆಂಟ್ ನೋಡಿಸಿ. 80-100ರ ವೇಗದಲ್ಲಿ ಸ್ಟೀರಿಂಗ್ ನಡುಗಿ, ವೇಗ ಇಳಿಸಿದರೆ ಸರಿಹೋಗುತ್ತದಾ? ಅದು ಬ್ಯಾಲೆನ್ಸಿಂಗ್. ಸ್ಟೀರಿಂಗ್ ಬದಲು ಸೀಟು ನಡುಗಿದರೆ ಹಿಂದಿನ ಚಕ್ರ ನೋಡಿಸಿ. ಊರೊಳಗೆ ನಲವತ್ತರಲ್ಲಿ ಓಡುವಾಗ ಇದು ಗೊತ್ತೇ ಆಗುವುದಿಲ್ಲ. ಮೊದಲು ನಮ್ಮ ರಸ್ತೆಗಳಲ್ಲಿ ನೂರು ಮುಟ್ಟುವ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಬ್ಯಾಲೆನ್ಸಿಂಗ್ ಇಲ್ಲದಿದ್ದರೂ ನಡೆಯುತ್ತಿತ್ತು. ಈಗ 66ನೇ ಹೆದ್ದಾರಿ ಅಗಲವಾಗಿದೆ, 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಬಂದಿದೆ. ರಸ್ತೆ ಬದಲಾಗಿದೆ, ಟೈರ್ ನೋಡಿಕೊಳ್ಳುವ ರೀತಿ ಮಾತ್ರ ಹಳೆಯದೇ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಹೊರಗೆ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಬೇಡಿ, ಯಂತ್ರದ ಪಕ್ಕ ನಿಲ್ಲಿ. ಕರಾವಳಿ, ಮಲೆನಾಡಿನಲ್ಲಿ ರಿಮ್ಮಿನ ಒಳಗೆ ಕೆಂಪು ಮಣ್ಣು ಒಣಗಿ ಹೆಂಟೆಯಾಗಿ ಅಂಟಿರುತ್ತದೆ. ಅದನ್ನು ಕೆರೆದು ತೆಗೆಯದೆ ಯಂತ್ರಕ್ಕೆ ಏರಿಸಿದರೆ ಆ ಮಣ್ಣಿನ ತೂಕಕ್ಕೆ ಎದುರಾಗಿ ಸೀಸದ ತುಂಡು ಹೊಡೆಯುತ್ತಾರೆ, ನಾಲ್ಕು ದಿನದಲ್ಲಿ ಮಣ್ಣು ಉದುರಿದ ಮೇಲೆ ಮತ್ತೆ ನಡುಕ ಶುರು. ಹಳೆಯ ತೂಕಗಳನ್ನೂ ಕಿತ್ತು ಹಾಕಲು ಹೇಳಿ. ತೂಕ ಹಾಕಿದ ಮೇಲೆ ಚಕ್ರವನ್ನು ಇನ್ನೊಮ್ಮೆ ತಿರುಗಿಸಿ, ಒಳಗೂ ಹೊರಗೂ ಸೊನ್ನೆ ತೋರಿಸುವವರೆಗೆ ಬಿಡಬೇಡಿ. ಎರಡನೇ ಸಲ ತಿರುಗಿಸಲು ಬೇಜಾರು ಮಾಡುವ ಅಂಗಡಿಗೆ ಮತ್ತೆ ಹೋಗಲೂಬೇಡಿ.

ಇನ್ನು ಅಪ್‌ಗ್ರೇಡ್. ಇದರ ಹುಚ್ಚು ಎರಡೂ ಕಡೆ ಇದೆ. ಇಲ್ಲಿ ಮರಳಲ್ಲಿ ಓಡಿಸುವವರು ದಪ್ಪ ಟೈರ್ ಹಾಕುತ್ತಾರೆ, ಆದರೆ ಗಾಡಿಯಲ್ಲಿ ಬದಲಾವಣೆ ಮಾಡಲು ಅನುಮತಿ ಬೇಕು. ಊರಲ್ಲಿ ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ ಚೆಂದ ಕಂಡ ಅಲಾಯ್ ಚಕ್ರ ತೊಡಿಸಿಕೊಂಡು ಬಂದರೆ ಮುಗಿಯಿತು. ನನ್ನ ಸಲಹೆ ಇಷ್ಟೇ: ನಿಮ್ಮದೇ ಮಾಡೆಲ್‌ನ ಟಾಪ್ ವೇರಿಯಂಟಿಗೆ ಕಂಪನಿ ಯಾವ ಸೈಜ್ ಕೊಟ್ಟಿದೆಯೋ ಅಲ್ಲಿಗೆ ನಿಲ್ಲಿಸಿ. ಸ್ವಿಫ್ಟ್ ತೆಗೆದುಕೊಳ್ಳಿ. ಕೆಳಗಿನ ವೇರಿಯಂಟಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15. ಇದರಲ್ಲಿ ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ, ಕೊನೆಯದು ರಿಮ್ಮಿನ ಇಂಚು. ಕೆಳಗಿನ ವೇರಿಯಂಟಿನ ಟೈರಿನ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್, ಮೇಲಿನದರದ್ದು ಸುಮಾರು 622. ಎತ್ತರ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಹಿಡಿತ ಜಾಸ್ತಿ ಸಿಗುತ್ತದೆ. ಅದನ್ನೂ ದಾಟಿ 17 ಇಂಚಿಗೆ ಹೋದರೆ ಪಕ್ಕದ ಗೋಡೆ ಗಿಡ್ಡವಾಗುತ್ತದೆ, ನಮ್ಮ ಹೊಂಡಗಳಿಗೆ ಬಿದ್ದರೆ ಟೈರ್ ಉಬ್ಬುತ್ತದೆ, ಅಲಾಯ್ ಬಾಗುತ್ತದೆ, ಮೈಲೇಜೂ ಇಳಿಯುತ್ತದೆ. ಸೈಜಿನ ಪಕ್ಕ ಇರುವ ಭಾರದ ಅಂಕಿಯನ್ನು ಮಾತ್ರ ಯಾವ ಕಾರಣಕ್ಕೂ ಇಳಿಸಬೇಡಿ. 91 ಅಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ ಅಂತ ಅರ್ಥ. ನಿಮ್ಮ ಹಳೆಯ ಟೈರಿನಲ್ಲಿ ಏನಿತ್ತೋ ಅಷ್ಟಾದರೂ ಹೊಸದರಲ್ಲಿ ಇರಲೇಬೇಕು.

ಅಪ್‌ಗ್ರೇಡ್‌ಗೆ ಇಟ್ಟ ದುಡ್ಡಲ್ಲಿ ಅದೇ ಸೈಜಿನ ಒಳ್ಳೆಯ ಟೈರ್ ತೆಗೆದುಕೊಂಡರೆ ಮಳೆಗಾಲಕ್ಕೆ ಅದೇ ದೊಡ್ಡ ಅಪ್‌ಗ್ರೇಡ್. ಕೊಳ್ಳುವಾಗಲೂ ಆ ನಾಲ್ಕು ಅಂಕಿ ನೋಡಿ. ಎರಡು ವರ್ಷ ಅಂಗಡಿಯಲ್ಲೇ ಇದ್ದ ಮಾಲನ್ನು ಆಫರ್ ಅಂತ ಕೊಡುವವರಿದ್ದಾರೆ. ನಾಲ್ಕು ತೆಗೆದುಕೊಂಡರೆ ನಾಲ್ಕರದ್ದೂ ಬೇರೆ ಬೇರೆ ನೋಡಿ.

ಗಾಳಿಯ ವಿಷಯ ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳುತ್ತೇವೆ, ಆದರೆ ಒಂದು ತಪ್ಪು ಪದೇ ಪದೇ ಕಾಣುತ್ತೇನೆ. ಚಾಲಕನ ಬಾಗಿಲ ಹತ್ತಿರದ ಚೀಟಿಯಲ್ಲಿ ಇರುವುದು ತಣ್ಣಗಿರುವ ಟೈರಿನ ಲೆಕ್ಕ, ಬೆಳಿಗ್ಗೆ ಹೊರಡುವ ಮೊದಲಿನದು. ಓಡಿದ ಮೇಲೆ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುವುದು ಸಹಜ. ದಾರಿ ಮಧ್ಯೆ ಮೀಟರ್ ಇಟ್ಟು, 37 ಇದೆ, ಜಾಸ್ತಿಯಾಯಿತು ಅಂತ ಗಾಳಿ ಬಿಡಿಸಿದರೆ ತಣ್ಣಗಾದಾಗ ಕಮ್ಮಿಯಾಗುತ್ತದೆ. ಗಾಳಿ ಕಮ್ಮಿ ಇರುವ ಟೈರ್ ಜಾಸ್ತಿ ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ, ಹಳೆಯ ಟೈರನ್ನು ಒಡೆಯುವುದು ಆ ಕಾವೇ. ಐದು ಜನ ಮತ್ತು ಸಾಮಾನು ಇದ್ದರೆ ಚೀಟಿಯಲ್ಲಿ ಅದಕ್ಕೇ ಬೇರೆ ಅಂಕಿ ಕೊಟ್ಟಿರುತ್ತಾರೆ, ಅದನ್ನು ಹಾಕಿಸಿ.

ನಾಲ್ಕೂ ಬದಲಿಸಲು ಕೈಯಲ್ಲಿ ದುಡ್ಡಿಲ್ಲ, ಎರಡೇ ಆಗುವುದು ಅಂದರೆ ಹೊಸ ಎರಡನ್ನು ಹಿಂದೆ ಹಾಕಿಸಿ. ಅಂಗಡಿಯವರು ಮುಂದೆ ಹಾಕೋಣ ಅನ್ನುತ್ತಾರೆ, ಸ್ಟೀರಿಂಗ್ ಇರುವುದು ಅಲ್ಲಿ ಅಂತ. ಆದರೆ ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿ ಹೇಗೋ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ, ಆಗುಂಬೆಯ ತಿರುವಿನಲ್ಲಿ ಅದನ್ನು ಸರಿಪಡಿಸಲು ಜಾಗವೂ ಇಲ್ಲ, ಸಮಯವೂ ಇಲ್ಲ. ಮತ್ತೆ, ಸ್ಟೆಪ್ನಿ ನೆಲಕ್ಕೇ ತಾಗಿಲ್ಲ, ಹೊಸದೇ ಇದೆ ಅಂತ ಮುಂದಕ್ಕೆ ಹಾಕಿಸಿಕೊಳ್ಳುವವರು ಅದರ ಅಂಕಿಯನ್ನೂ ಒಮ್ಮೆ ನೋಡಿ. ಕಾರಿನ ಜೊತೆ ಬಂದ ಸ್ಟೆಪ್ನಿಗೆ ಕಾರಿನಷ್ಟೇ ವಯಸ್ಸಾಗಿರುತ್ತದೆ.