ಯಂತ್ರಕ್ಕೊಬ್ಬ ಸಹಾಯಕ ಬೇಕಾಗಿದ್ದಾನೆ

1930ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮೊಮ್ಮಕ್ಕಳ ಕಾಲದ ಭವಿಷ್ಯ ನುಡಿದರು. ಇನ್ನು ನೂರು ವರ್ಷಕ್ಕೆ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತದೆ, ಮಿಕ್ಕ ಹೊತ್ತು ಕಳೆಯುವುದು ಹೇಗೆ ಎಂಬುದೇ ಮನುಷ್ಯನ ದೊಡ್ಡ ಚಿಂತೆಯಾಗುತ್ತದೆ ಎಂದರು. ಅವರು ಕೊಟ್ಟ ಗಡುವು ಮುಗಿಯುತ್ತಾ ಬಂತು. ಲೆಕ್ಕ ಎಲ್ಲಿ ತಪ್ಪಿತು ಎಂದು ಅವರ ಶಿಷ್ಯಪರಂಪರೆ ಈಗಲೂ ಕಿತ್ತಾಡುತ್ತಿದೆ. ನನಗಂತೂ ಅನುಮಾನವೇ ಇಲ್ಲ. ಮಹಾಶಯರು ಪಾಸ್‌ವರ್ಡನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎಂಟಕ್ಷರಕ್ಕೆ ಕಡಿಮೆ ಇರಕೂಡದು, ಒಂದು ಅಂಕಿ ಬೇಕು, ಒಂದು ಚಿಹ್ನೆ ಬೇಕು, ಹಿಂದೆ ಹಾಕಿದ್ದನ್ನೇ ಮತ್ತೆ ಹಾಕಕೂಡದು. ಇಷ್ಟೆಲ್ಲ ದಾಟಿ ಬಂದರೆ ನೀವು ಮನುಷ್ಯರೇ ಹೌದೋ ಅಲ್ಲವೋ ಎಂಬ ವಿಚಾರಣೆ. ಒಂಬತ್ತು ಚಿತ್ರಗಳಲ್ಲಿ ಟ್ರಾಫಿಕ್ ದೀಪ ಎಲ್ಲೆಲ್ಲಿದೆ, ತೋರಿಸಿ. ಕಂಬ ಮಾತ್ರ ಕಂಡರೆ ಅದೂ ದೀಪದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಧರ್ಮಸಂಕಟ ಬೇರೆ. ಪ್ರಶ್ನೆ ಕೇಳುವುದು ಯಂತ್ರ, ತಾನು ಮನುಷ್ಯನೆಂದು ಗೋಗರೆಯುವುದು ಮನುಷ್ಯ. ರೀಕ್ಯಾಪ್ಚಾ ಎಂಬ ಈ ಏರ್ಪಾಡಿನಲ್ಲಿ ಜನ ಬಿಡಿಸಿಕೊಟ್ಟ ಒಗಟುಗಳಿಂದಲೇ ಹಳೆಯ ಪುಸ್ತಕ, ಪತ್ರಿಕೆಗಳ ಮಸುಕು ಅಕ್ಷರಗಳು ಡಿಜಿಟಲ್ ಆದವು, ಗೂಗಲ್‌ನ ನಕ್ಷೆಗೆ ಮನೆಗಳ ನಂಬರು ಸಿಕ್ಕಿತು. ಯಾರೂ ಅರ್ಜಿ ಹಾಕಿರಲಿಲ್ಲ, ಸಂದರ್ಶನ ನಡೆದಿರಲಿಲ್ಲ, ಸಂಬಳದ ಮಾತಂತೂ ಇಲ್ಲವೇ ಇಲ್ಲ. ಆದರೂ ನೇಮಕಾತಿ ಆಗಿಹೋಗಿದೆ. ಹುದ್ದೆಯ ಹೆಸರು: ಯಂತ್ರದ ಸಹಾಯಕ.

ಕೆಲಸ ಕಸಿಯುತ್ತವೆ ಎಂದು ಯಂತ್ರಗಳ ಮೇಲೆ ಸುಮ್ಮನೆ ಗೂಬೆ ಕೂರಿಸುತ್ತಾರೆ. ಅವು ಹುಟ್ಟಿಸುವ ಕೆಲಸ ನೋಡಿದರೆ ಯಾವ ಸರ್ಕಾರದ ಉದ್ಯೋಗ ಯೋಜನೆಯೂ ನಾಚಬೇಕು.

ಕಾರ್ಖಾನೆಯಿಂದಲೇ ಶುರು ಮಾಡೋಣ. ಟೆಸ್ಲಾ ಕಂಪನಿ ಮಾಡೆಲ್ 3 ಕಾರಿನ ತಯಾರಿಕೆಯನ್ನು ಆದಷ್ಟೂ ರೋಬೋಗಳ ಕೈಗೆ ಒಪ್ಪಿಸಲು ಹೊರಟಿತ್ತು. ಬ್ಯಾಟರಿ ಪೆಟ್ಟಿಗೆಯ ಮೇಲೆ ಗಾಜಿನ ನಾರಿನ ತೆಳು ಹಾಸು ಹೊದಿಸುವ ಕೆಲಸಕ್ಕೂ ಒಂದು ರೋಬೋ ಬಂತು. ಉಕ್ಕಿನ ಬಾಗಿಲನ್ನು ಹೂವಿನಂತೆ ಎತ್ತುವ ಯಂತ್ರಕುಲಕ್ಕೆ ಹತ್ತಿಯಂಥ ಆ ಹಾಸನ್ನು ಎತ್ತಲು ಬರಲಿಲ್ಲ. ಇಡೀ ಉತ್ಪಾದನೆ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಂಡಿತು. ಒಡೆಯ ಇಲಾನ್ ಮಸ್ಕ್ ಆ ರೋಬೋವನ್ನು ಸರಿಮಾಡಿಸಿದರು, ವೇಗ ಹೆಚ್ಚಿಸಿದರು, ಇನ್ನಷ್ಟು ಚುರುಕುಗೊಳಿಸಿದರು. ಇಷ್ಟೆಲ್ಲ ಆದಮೇಲೆ ಒಂದು ಪ್ರಶ್ನೆ ಹೊಳೆಯಿತು: ಅಲ್ಲಾ, ಈ ಹಾಸು ಇರುವುದಾದರೂ ಯಾತಕ್ಕೆ? ಬ್ಯಾಟರಿಯವರನ್ನು ಕೇಳಿದರೆ ಸದ್ದು ತಡೆಯಲಿಕ್ಕೆ ಅಂದರು. ಸದ್ದಿನ ವಿಭಾಗದವರನ್ನು ಕೇಳಿದರೆ ಬೆಂಕಿ ತಡೆಯಲಿಕ್ಕೆ ಅಂದರು. ಹಾಸಿದ್ದ ಕಾರು, ಹಾಸಿಲ್ಲದ ಕಾರು, ಎರಡರಲ್ಲೂ ಮೈಕ್ ಇಟ್ಟು ಕೇಳಿದರು. ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಹಾಸನ್ನು ಕಿತ್ತುಹಾಕಿದರು. ಈ ಕಥೆಯನ್ನು ಮಸ್ಕ್ ಅವರೇ 2021ರ ಒಂದು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. 2018ರಲ್ಲೇ ಅತಿಯಾದ ಯಾಂತ್ರೀಕರಣ ತಮ್ಮ ತಪ್ಪೆಂದು ಒಪ್ಪಿ, ಮನುಷ್ಯರನ್ನು ಕಡೆಗಣಿಸಲಾಗಿದೆ ಎಂದೂ ಬರೆದಿದ್ದರು. ಮನುಷ್ಯಕುಲಕ್ಕೆ ಇಷ್ಟು ದೊಡ್ಡ ಪ್ರಶಸ್ತಿಪತ್ರ ಇತ್ತೀಚೆಗೆ ಬೇರೆ ಯಾರೂ ಕೊಟ್ಟಂತಿಲ್ಲ.

ಬೇಡದ ಕೆಲಸವನ್ನು ಬಹಳ ಚೆನ್ನಾಗಿ ಮಾಡುವ ಯಂತ್ರ. ಇದು ಒಂದು ಕಾರ್ಖಾನೆಯ ಕಥೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ಯಾರೂ ಓದದ ವರದಿಯನ್ನು ಕೃತಕ ಬುದ್ಧಿಮತ್ತೆಯಿಂದ ಬರೆಸಿ, ಅದನ್ನು ಇನ್ನೊಂದು ಕೃತಕ ಬುದ್ಧಿಮತ್ತೆಯಿಂದ ನಾಲ್ಕು ಸಾಲಿಗೆ ಇಳಿಸಿಕೊಂಡು, ಆ ನಾಲ್ಕು ಸಾಲನ್ನೂ ಓದದೆ ‘ಉತ್ತಮ ವರದಿ, ಧನ್ಯವಾದ’ ಎಂಬ ಸಿದ್ಧ ಉತ್ತರ ಒತ್ತುವ ಕಚೇರಿಗಳಲ್ಲಿ ಆ ಹಾಸನ್ನು ಕಿತ್ತೊಗೆಯುವವರು ಯಾರು?

ಆಸ್ಪತ್ರೆಗೆ ಬನ್ನಿ. 2016ರಲ್ಲಿ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್, ಸಾಮಾನ್ಯರಲ್ಲ, ಮುಂದೆ ಭೌತವಿಜ್ಞಾನದ ನೊಬೆಲ್ ಪಡೆದವರು, ಎಕ್ಸ್‌ರೇ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟರ ತರಬೇತಿಯನ್ನು ಈಗಲೇ ನಿಲ್ಲಿಸಿಬಿಡಿ ಎಂದರು. ಐದು ವರ್ಷ, ಹೆಚ್ಚೆಂದರೆ ಹತ್ತು, ಆಮೇಲೆ ಯಂತ್ರವೇ ಅವರಿಗಿಂತ ಚೆನ್ನಾಗಿ ಓದುತ್ತದೆ ಎಂದರು. ಸದ್ಯ, ಯಾರೂ ನಿಲ್ಲಿಸಲಿಲ್ಲ. ರೇಡಿಯಾಲಜಿಸ್ಟರು ಸಾಕಷ್ಟಿಲ್ಲ ಎಂಬ ಗೋಳು ಅನೇಕ ದೇಶಗಳಲ್ಲಿ ಈಗಲೂ ಇದೆ. ಯಂತ್ರ ಸುಮ್ಮನೆ ಕೂತಿಲ್ಲ, ಅದನ್ನೂ ಹೇಳಬೇಕು. ಸ್ವೀಡನ್ನಿನಲ್ಲಿ ಸುಮಾರು 80,000 ಮಹಿಳೆಯರ ಸ್ತನ ತಪಾಸಣೆಯಲ್ಲಿ ನಡೆದ ಪ್ರಯೋಗದಲ್ಲಿ ಯಂತ್ರ ಜೊತೆಗಿದ್ದಾಗ ವೈದ್ಯರು ಚಿತ್ರ ಓದುವ ಹೊರೆ ಶೇ 44ರಷ್ಟು ಇಳಿಯಿತು, ಕ್ಯಾನ್ಸರ್ ಪತ್ತೆ ಕಡಿಮೆಯಾಗಲಿಲ್ಲ. ಒಳ್ಳೆಯ ಸುದ್ದಿ. ಆದರೆ ‘ವೈದ್ಯರಿಗೆ ಒಳ್ಳೆಯ ಸಹಾಯಕ ಸಿಕ್ಕಿತು’ ಎಂಬ ತಲೆಬರಹಕ್ಕೆ ಬಂಡವಾಳ ಹೂಡುವವರು ಯಾರಿದ್ದಾರೆ? ‘ವೈದ್ಯರು ಮನೆಗೆ’ ಅಂದರೆ ಕ್ಯೂ ನಿಲ್ಲುತ್ತಾರೆ.

ಮನೆಗೆ ಹೋಗುವುದಿರಲಿ, ವೈದ್ಯರಿಗೆ ರೋಗಿಯ ಕಡೆ ತಿರುಗಲಿಕ್ಕೇ ಪುರುಸೊತ್ತಿಲ್ಲ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ವೈದ್ಯರ ಬೆನ್ನಿಗೆ ಬಿದ್ದು ಗಡಿಯಾರ ಹಿಡಿದು ನೋಡಿತು. ರೋಗಿಯ ಎದುರು ಕಳೆಯುವ ಒಂದೊಂದು ಗಂಟೆಗೆ ಹೆಚ್ಚುಕಡಿಮೆ ಎರಡು ಗಂಟೆ ಕಂಪ್ಯೂಟರ್ ದಾಖಲೆಗೆ, ಮೇಜಿನ ಕೆಲಸಕ್ಕೆ ಹೋಗುತ್ತಿತ್ತು. ಕೋಣೆಯೊಳಗಿನ ದೃಶ್ಯವನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ರೋಗಿ ಎದೆ ಒತ್ತಿಕೊಂಡು ‘ಇಲ್ಲಿ ನೋವು’ ಅನ್ನುತ್ತಾನೆ. ವೈದ್ಯರು ಪರದೆ ನೋಡುತ್ತಾ ‘ಇಲ್ಲಿ ಅಂದರೆ ಎಲ್ಲಿ?’ ಅನ್ನುತ್ತಾರೆ. ಡ್ರಾಪ್‌ಡೌನ್ ಪಟ್ಟಿಯಲ್ಲಿ ‘ಇಲ್ಲಿ’ ಎಂಬ ಆಯ್ಕೆ ಇಲ್ಲ.

ಇನ್ನು ಎಚ್ಚರಿಕೆಯ ಗಂಟೆಗಳು. ಸೋಂಕಿಗೆ ದೇಹ ಹದ ತಪ್ಪಿ ಅಂಗಾಂಗಗಳು ಕೈಕೊಡುವ ಸೆಪ್ಸಿಸ್ ಎಂಬ ಪ್ರಾಣಾಂತಿಕ ಸ್ಥಿತಿಯನ್ನು ಮೊದಲೇ ಹಿಡಿದುಕೊಡುತ್ತೇನೆಂಬ ತಂತ್ರಾಂಶವೊಂದು ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಕೂತಿತ್ತು. ಮಿಷಿಗನ್ ವಿಶ್ವವಿದ್ಯಾಲಯದವರು ಅದನ್ನು ಒರೆಗೆ ಹಚ್ಚಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ದಾಖಲಾದ ನೂರು ರೋಗಿಗಳಲ್ಲಿ 18 ಮಂದಿಯ ಹೆಸರಿನಲ್ಲಿ ಅದು ಗಂಟೆ ಬಾರಿಸಿತ್ತು. ನಿಜಕ್ಕೂ ಸೆಪ್ಸಿಸ್ ಆದವರಲ್ಲಿ ಮೂರನೇ ಎರಡು ಪಾಲು ಜನ ಅದರ ಕಣ್ಣಿಗೇ ಬಿದ್ದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಯಾರೂ ಪಾಲಿಸಿರಲಾರರು. ಆ ಗಂಟೆಗೆಲ್ಲ ಓಡಿ ಬಂದು ನೋಡಿ, ‘ಏನಿಲ್ಲ’ ಎಂದು ಗುಂಡಿ ಒತ್ತಿ ಹೋಗುವ ಕೆಲಸ ದಾದಿಯದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಳತೆಪಟ್ಟಿಯ ಪ್ರಸಂಗ. ಚರ್ಮದ ಮಚ್ಚೆಯ ಫೋಟೊ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುವ ವಿದ್ಯೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಯಂತ್ರಕ್ಕೆ ಕಲಿಸಿದರು. ಯಂತ್ರ ಜಾಣ, ಬೇಗ ಕಲಿಯಿತು. ಆಮೇಲೆ ನೋಡಿದರೆ, ಫೋಟೊದಲ್ಲಿ ಅಳತೆಪಟ್ಟಿ ಇದ್ದರೆ ಕ್ಯಾನ್ಸರ್ ಅನ್ನುವ ಕಡೆಗೇ ಅದರ ಒಲವು! ಅನುಮಾನ ಬಂದ ಮಚ್ಚೆಯ ಪಕ್ಕದಲ್ಲಿ ತಾನೇ ವೈದ್ಯರು ಪಟ್ಟಿ ಇಟ್ಟು ಫೋಟೊ ತೆಗೆಯುವುದು? ಮೇಷ್ಟ್ರ ಮುಖ ನೋಡಿ ಉತ್ತರ ಹೇಳುವ ಹುಡುಗನ ಹಾಗೆ ಯಂತ್ರ ವೈದ್ಯರ ಅನುಮಾನವನ್ನೇ ಕದ್ದು ಓದುತ್ತಿತ್ತು. ಸಂಶೋಧಕರು ಇದನ್ನು ತಾವೇ ಬಾಯಿಬಿಟ್ಟು ಹೇಳಿದರು ಎಂಬುದು ಅವರ ದೊಡ್ಡಗುಣ. ಮಾರುವವರ ಬಾಯಲ್ಲಿ ಈ ಪಟ್ಟಿಯ ಸುದ್ದಿ ಬರುವುದಿಲ್ಲ.

ಕಚೇರಿಯ ವಿಷಯಕ್ಕೆ ಬಂದರೆ ಅಲ್ಲಿ ಪೂರ್ಣ ಯಾಂತ್ರೀಕರಣ ಆಗಲೇ ಆಗಿಹೋಗಿದೆ. ಮನೆಯಿಂದ ದುಡಿಯುವ ನೌಕರ ದುಡಿಯುತ್ತಿದ್ದಾನೋ ಇಲ್ಲವೋ ನೋಡಲು ಮೌಸಿನ ಅಲುಗಾಟ ಎಣಿಸುವ ತಂತ್ರಾಂಶ ಬಂತು. ಹಿಂದೆಯೇ ಮೌಸನ್ನು ತಾನಾಗಿ ಅಲುಗಿಸುವ ಪುಟ್ಟ ಯಂತ್ರವೂ ಬಂತು. ಒಂದು ಅಲುಗಿಸುತ್ತದೆ, ಇನ್ನೊಂದು ಎಣಿಸುತ್ತದೆ. ಮನುಷ್ಯನ ಹಂಗೇ ಇಲ್ಲ. ಈ ಅಪೂರ್ವ ಸಹಕಾರವನ್ನು ಕಂಪನಿಗಳು ಮೆಚ್ಚಲಿಲ್ಲ. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಬೋರ್ಡ್ ಒತ್ತಿದಂತೆ ನಟಿಸಿದ ಆರೋಪದ ಮೇಲೆ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ಮನುಷ್ಯನ ಕೆಲಸವನ್ನು ಯಂತ್ರಕ್ಕೆ ವಹಿಸಿದ ಕಂಪನಿಗೆ ನಾವೀನ್ಯದ ಪ್ರಶಸ್ತಿ. ಅದನ್ನೇ ನೌಕರ ಮಾಡಿದರೆ ವಜಾ.

ಅದೇ ವರ್ಷ ಸ್ವೀಡನ್ನಿನ ಕ್ಲಾರ್ನಾ ಎಂಬ ಹಣಕಾಸು ಕಂಪನಿ, ತನ್ನ ಎಐ ಸಹಾಯಕ 700 ಜನರ ಕೆಲಸ ಮಾಡುತ್ತಿದೆ ಎಂದು ಡಂಗುರ ಸಾರಿತು. 2025ರಲ್ಲಿ ಗುಣಮಟ್ಟ ಇಳಿಯಿತೆಂದು ಮತ್ತೆ ಮನುಷ್ಯರನ್ನು ಕರೆಯತೊಡಗಿತು. ಈ ವಿಷಯದಲ್ಲಿ 1770ರ ಕೆಂಪೆಲೆನ್ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ವಿಯೆನ್ನಾದ ಅರಮನೆಯಲ್ಲಿ ತಾನಾಗಿ ಚದುರಂಗ ಆಡುವ ಯಂತ್ರ ತೋರಿಸಿ ಬೆರಗು ಹುಟ್ಟಿಸಿದಾತ ಆತ. ಪೆಟ್ಟಿಗೆಯೊಳಗೆ ಒಬ್ಬ ಆಟಗಾರನನ್ನು ಅಡಗಿಸಿ ಕೂರಿಸುತ್ತಿದ್ದ. ಮೋಸವೇ, ಒಪ್ಪೋಣ. ಆದರೆ ಒಳಗಿನವನನ್ನು ಕೆಲಸದಿಂದ ತೆಗೆದು ಆಮೇಲೆ ಆಟ ಮುಂದುವರಿಸುವಷ್ಟು ದಡ್ಡನಾಗಿರಲಿಲ್ಲ.

ಯಂತ್ರ ಎಡವಿದಾಗ ಏನು ಮಾಡಬೇಕೆಂದು ತೋರಿಸಿಕೊಟ್ಟದ್ದು ಏರ್ ಕೆನಡಾ ಎಂಬ ವಿಮಾನ ಕಂಪನಿ. ಅದರ ಜಾಲತಾಣದಲ್ಲಿ ಪ್ರಶ್ನೆಗಳಿಗೆ ತಾನಾಗಿ ಉತ್ತರಿಸುವ ಚಾಟ್‌ಬಾಟ್, ಅಜ್ಜಿಯ ಸಾವಿಗೆ ಹೊರಟಿದ್ದ ಪ್ರಯಾಣಿಕನಿಗೆ, ಈಗ ಪೂರ್ತಿ ಹಣ ಕೊಟ್ಟು ಟಿಕೆಟ್ ತಗೊಳ್ಳಿ, ಸಾವಿಗೆ ಹೋಗುವವರ ರಿಯಾಯಿತಿಯನ್ನು ಆಮೇಲೂ ಕೇಳಬಹುದು ಎಂದು ಹೇಳಿತ್ತು. ಅಂಥ ನಿಯಮವೇ ಇರಲಿಲ್ಲ. ವಿವಾದ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಗೆ ಹೋಯಿತು. ಚಾಟ್‌ಬಾಟ್ ತಾನೇ ಒಂದು ಪ್ರತ್ಯೇಕ ಕಾನೂನು ವ್ಯಕ್ತಿ, ಅದು ಹೇಳಿದ್ದಕ್ಕೆ ಅದೇ ಜವಾಬ್ದಾರಿ ಎಂಬಂಥ ವಾದವನ್ನು ಕಂಪನಿ ಮುಂದಿಟ್ಟಿತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ್ದನ್ನು ಕೇಳಿದ್ದೆವು, ಮೇಕೆಯೇ ಇಲ್ಲದ ಕಡೆ ಒರೆಸಿದ್ದು ಇದೇ ಮೊದಲು. 2024ರ ಫೆಬ್ರುವರಿಯಲ್ಲಿ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಪ್ರಯಾಣಿಕನಿಗೆ ಹಣ ಕೊಡಿ ಎಂದಿತು.

ಇಡೀ ಪ್ರಕರಣದಲ್ಲಿ ಚಾಟ್‌ಬಾಟಿಗೆ ಮಾತ್ರ ಒಂದು ನೋಟಿಸೂ ಹೋಗಲಿಲ್ಲ. ಹೋಗಿದ್ದರೂ ಏನು ಮಹಾ! ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ, ದಯವಿಟ್ಟು ಸಾಲಿನಲ್ಲಿ ಕಾಯಿರಿ, ನೀವು ನ್ಯಾಯಾಧೀಶರಾಗಿದ್ದರೆ ಎರಡನ್ನು ಒತ್ತಿರಿ ಎಂದು ಉತ್ತರ ಬರುತ್ತಿತ್ತು.